ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟ ಭಾನುವಾರ

ನಾನು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಸಂಸ್ಕೃತ ಹೇಳಿಕೊಡುತ್ತೇನೆ. ಸಂಸ್ಕೃತದ ಟೀಚರಿಗೆ ಕಾರಿನ ಹುಚ್ಚು ಎಲ್ಲಿಂದ ಬಂತು ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಕೇಳಿದವರು ಗಂಡಸರಾದರೆ, ಅವರ ಗಾಡಿಯ ಟೈರಿಗೆ ಗಾಳಿ ಎಷ್ಟು ಹಾಕಿಸಿದ್ದಾರೆ ಎಂದು ತಿರುಗಿ ಕೇಳುತ್ತೇನೆ. ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಅಲ್ಲಿಗೆ ಮಾತು ಮುಗಿಯುತ್ತದೆ.

ನನ್ನ ಕಾರು ಕೆಂಪು ಬಣ್ಣದ್ದು, ಚಿಕ್ಕದು, ಇಪ್ಪತ್ತು ವರ್ಷ ಹಳೆಯದು. ಸ್ಪ್ರಿಂಗ್ ಬದಲಾಯಿಸಿದ್ದೇನೆ, ಏರ್ ಫಿಲ್ಟರ್ ಬದಲಾಯಿಸಿದ್ದೇನೆ, ಎಂಜಿನ್ನಿನ ಹೆಡ್ ಬಿಚ್ಚಿಸಿ ಒಳಗಿನ ಗಾಳಿಯ ದಾರಿಗಳನ್ನೆಲ್ಲ ಉಜ್ಜಿ ನುಣುಪು ಮಾಡಿಸಿದ್ದೇನೆ. ಆದರೂ ವಿದ್ಯಾನಗರದ ನಮ್ಮ ಬೀದಿಯಲ್ಲಿ ಅದು ಹೋದರೆ ಒಬ್ಬರೂ ತಿರುಗಿ ನೋಡುವುದಿಲ್ಲ. ಹಾಗೇ ಇರಬೇಕು. ಸೈಲೆನ್ಸರ್ ಕೊಯ್ಸಿಕೊಂಡು ಊರೆಲ್ಲ ಗುಡುಗುತ್ತ ತಿರುಗುವ ಪಡ್ಡೆಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದು ಟ್ಯೂನಿಂಗ್ ಅಲ್ಲ, ಬರೀ ಗಂಟಲು. ಟ್ಯೂನಿಂಗ್ ಎಂದರೆ ಇರುವ ಎಂಜಿನ್ನನ್ನು ಬೈಯದೆ, ಬಡಿಯದೆ, ಅದರ ಕೈಲಾಗುವುದನ್ನೆಲ್ಲ ಮಾಡಿಸುವುದು. ಇದನ್ನು ನನಗೆ ಕಲಿಸಿದವರು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಗ್ಯಾರೇಜು ಇಟ್ಟಿರುವ ಮೇಸ್ತ್ರಿ.

ಮೇಸ್ತ್ರಿಗೆ ಅರವತ್ತು ದಾಟಿದೆ. ಅವರ ತಂದೆಯ ಕಾಲದಲ್ಲಿ ತಮಿಳುನಾಡಿನಿಂದ ಕೆಲಸ ಹುಡುಕಿಕೊಂಡು ಭದ್ರಾವತಿಗೆ ಬಂದ ಮನೆಯವರು. ಹೆಂಡತಿಯ ಜೊತೆ ತಮಿಳು, ಗಿರಾಕಿಗಳ ಜೊತೆ ಕನ್ನಡ, ಬೋಲ್ಟು ಜಾರಿ ಕಾಲಿನ ಮೇಲೆ ಬಿದ್ದಾಗ ಎರಡೂ. ಹರೆಯದಲ್ಲಿ ಹದಿನೈದು ವರ್ಷ ಕಬ್ಬಿಣ ಕಾಯಿಸಿ ಬಡಿಯುವ ಶೆಡ್ಡೊಂದರಲ್ಲಿ ದುಡಿದರು. ಆಮೇಲೆ ಅದನ್ನು ಬಿಟ್ಟು ಕಾರುಗಳಿಗೆ ಕೈ ಹಾಕಿದರು. ಕಂಪ್ಯೂಟರು ಸಿಕ್ಕಿಸಿ ದೋಷ ಹುಡುಕುವ ಕಾಲ ಬಂದರೂ ಮೇಸ್ತ್ರಿಯ ಪದ್ಧತಿ ಬದಲಾಗಲಿಲ್ಲ. ಅವರ ಹತ್ತಿರ ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರ್ ಇದೆ. ಓಡುತ್ತಿರುವ ಎಂಜಿನ್ನಿನ ಮೇಲೆ ಅದರ ತುದಿ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚುತ್ತಾರೆ. ಎಂಜಿನ್ನಿನ ಒಳಗೆ ಎಲ್ಲಿ ಏನು ಸವೆದಿದೆ ಎನ್ನುವುದು ಆ ಕಬ್ಬಿಣದ ಕಡ್ಡಿಯಲ್ಲಿ ಹತ್ತಿ ಬರುತ್ತದೆ. ಆ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ಯಾರೂ ಕೆಮ್ಮುವ ಹಾಗಿಲ್ಲ. ಭಾನುವಾರಗಳಂದು ಆ ಗ್ಯಾರೇಜಿನಲ್ಲಿ ಸೇರುವ ಕಾರಿನ ಹುಚ್ಚರ ಗುಂಪೊಂದಿದೆ, ನಾನೂ ಸೇರಿ ಏಳು ಜನ. ನಮ್ಮಲ್ಲಿ ಯಾರೇ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲಿ, ಹೊಸದೇ ಕೊಳ್ಳಲಿ, ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ಹೂಂ ಅನ್ನದೆ ಮುಂದುವರಿದದ್ದಿಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಹೆಚ್ಚಿನ ಭಯ ಭಕ್ತಿ ಅಲ್ಲಿರುತ್ತದೆ.

ಈಗ ಒಂದು ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ನನ್ನ ಕಾರಿನ ಎಂಜಿನ್ನಿನಿಂದ ಸಣ್ಣಗೆ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ವಾಲ್ವು ತೆರೆಯುವ ಟ್ಯಾಪೆಟ್ ಸಡಿಲವಾಗಿದೆ ಎಂದು ನನಗೇ ಗೊತ್ತಾಗುವಷ್ಟು ಸ್ಪಷ್ಟವಾಗಿತ್ತು. ಭದ್ರಾವತಿಗೆ ಹೋದೆ. ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟರು, ಕಣ್ಣು ಮುಚ್ಚಿದರು, ಬಹಳ ಹೊತ್ತು ಕೇಳಿದರು. ಆಮೇಲೆ, ಏನೂ ಇಲ್ಲ ಟೀಚರಮ್ಮ, ಬೆಣ್ಣೆ ಹಾಗೆ ಓಡ್ತಿದೆ ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಷ್ಟು ಸ್ಪಷ್ಟವಾಗಿ ಬಡೀತಿದೆಯಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಚಹಾ ತಂದಿದ್ದ ಅವರ ಹೆಂಡತಿ ಬಾಗಿಲಲ್ಲಿ ನಿಂತು ಬೇಡ ಎಂಬಂತೆ ತಲೆ ಆಡಿಸಿದರು. ತೆರೆದ ಬಾಯಿಯನ್ನು ನಾನು ಹಾಗೇ ಮುಚ್ಚಿದೆ. ನನ್ನ ಗಂಡ ಇದನ್ನು ಇವತ್ತಿಗೂ ನಂಬುವುದಿಲ್ಲ.

ಹೊರಗೆ ಬಂದ ಮೇಲೆ ಆಕೆ ಹೇಳಿದರು. ಬಲಗಿವಿ ಯಾವತ್ತೋ ಹೋಗಿದೆ, ಈಗ ಎಡಗಿವಿಯೂ ಮಂದವಾಗುತ್ತಿದೆ, ಕೇಳಿದರೆ ರೇಗುತ್ತಾರೆ. ನಾನೇ ಒಂದು ದಿನ ಮೇಸ್ತ್ರಿಯನ್ನು ಬೈದು ಕಾರಿನಲ್ಲಿ ಕೂರಿಸಿಕೊಂಡು ಶಿವಮೊಗ್ಗದ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಲಗಿವಿಯ ಆಸೆ ಬಿಟ್ಟುಬಿಡಿ, ಎಡಗಿವಿಗೆ ದಪ್ಪ ಸದ್ದು ಕೇಳುತ್ತದೆ, ತೆಳು ಸದ್ದು ಹೋಗಿದೆ, ಮಿಷನ್ ಹಾಕಿಕೊಂಡರೆ ಅದೂ ಕೇಳುತ್ತದೆ ಎಂದರು ಡಾಕ್ಟರು. ಮೇಸ್ತ್ರಿ ಎಲ್ಲದಕ್ಕೂ ತಲೆಯಾಡಿಸಿದರು. ವಾಪಸು ಬರುವಾಗ ಮಾತ್ರ ಬಾಯಿ ಬಿಟ್ಟರು.

"ಕಿವೀಲಿ ಮಿಷನ್ ಇಟ್ಕೊಂಡ ಮೇಸ್ತ್ರಿ ಹತ್ರ ಯಾರು ಗಾಡಿ ತರ್ತಾರೆ ಟೀಚರಮ್ಮ?"

ಕನ್ನಡಕ ಹಾಕಿಕೊಂಡಿಲ್ಲವೇ, ಅದಕ್ಕೇನು ನಾಚಿಕೆ ಎಂದು ನಾನು ದಾರಿಯುದ್ದಕ್ಕೂ ಜಗಳವಾಡಿದೆ. ಕನ್ನಡಕ ಬೇರೆ ಎನ್ನುವುದೊಂದೇ ಅವರ ಉತ್ತರ. ಕಡೆಗೆ ಗುಂಪಿನಲ್ಲಿ ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡು ಗ್ಯಾರೇಜಿನ ಮುಂದೆ ಇಳಿದರು. ನಾನು ಟಿಕ್ ಟಿಕ್ ಅನ್ನಿಸಿಕೊಂಡು ವಿದ್ಯಾನಗರಕ್ಕೆ ಬಂದೆ. ಆ ಟ್ಯಾಪೆಟ್ಟನ್ನು ಬೇರೆ ಗ್ಯಾರೇಜಿನಲ್ಲಿ ಸರಿ ಮಾಡಿಸಬಹುದಿತ್ತು. ಮಾಡಿಸಲಿಲ್ಲ. ಬೇರೆಯವರ ಕೈ ಬಿದ್ದದ್ದು ಮೇಸ್ತ್ರಿಗೆ ಬಾನೆಟ್ ಎತ್ತಿದ ಕೂಡಲೇ ತಿಳಿಯುತ್ತದೆ. ಅವರ ಕಣ್ಣು ಚೆನ್ನಾಗಿಯೇ ಇದೆ.

ಹೀಗಿರುವಾಗ ಆ ಸುದ್ದಿ ಬಂತು. ಸ್ಪೋರ್ಟ್ಸ್ ಕಾರು, ಅದೂ ಹೈಬ್ರಿಡ್, ಅದೂ ನಮ್ಮಂಥವರ ಕೈಗೆ ಎಟುಕುವ ಬೆಲೆಯಲ್ಲಿ. ಎರಡೇ ಬಾಗಿಲು, ಹಗುರ ಮೈ, ಪೆಟ್ರೋಲ್ ಎಂಜಿನ್ನಿನ ಜೊತೆಗೆ ಬ್ಯಾಟರಿ ಮೋಟಾರು. ನಮಗೆಲ್ಲ ಸ್ಪೋರ್ಟ್ಸ್ ಕಾರೆಂದರೆ ಗ್ಯಾರೇಜಿನ ಗೋಡೆಯ ಕ್ಯಾಲೆಂಡರಿನಲ್ಲಿ ನೋಡುವ ವಸ್ತು. ಅದು ನಮ್ಮ ಬೀದಿಗೆ ಬರುತ್ತದೆ ಎಂದರೆ ಕೇಳಬೇಕೇ? ಗುಂಪಿನವರ ಫೋನುಗಳು ಒಂದು ಗಳಿಗೆ ಸುಮ್ಮನಿರಲಿಲ್ಲ. ಯಾರೋ ಯಾವುದೋ ದೇಶದ ರಸ್ತೆಯಲ್ಲಿ ಬಟ್ಟೆ ಮುಚ್ಚಿಕೊಂಡು ಓಡುತ್ತಿದ್ದ ಕಾರಿನ ಫೋಟೋ ಕಳಿಸಿದರೆ, ಆ ಬಟ್ಟೆಯ ಉಬ್ಬು ತಗ್ಗು ನೋಡಿ ದೀಪ ಹೇಗಿರಬಹುದು ಎಂದು ವಾದ. ಯುಗಾದಿಗೆ ಬರುತ್ತದೆ ಎಂದರು, ಬರಲಿಲ್ಲ. ದಸರಾಕ್ಕೆ ಖಂಡಿತ ಎಂದರು, ಅದೂ ಇಲ್ಲ. ಬ್ಯಾಟರಿಯ ಮೋಟಾರಿಗೆ ಟ್ಯೂನಿಂಗ್ ಮಾಡಲಿಕ್ಕಾಗುತ್ತದೆಯೇ ಎಂಬ ಬಗ್ಗೆ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಓದಿದಷ್ಟನ್ನು ಬಿ.ಎಡ್. ಪರೀಕ್ಷೆಗೂ ಓದಿರಲಿಲ್ಲ. ಇಡೀ ಗುಂಪಿನಲ್ಲಿ ಹೈಬ್ರಿಡ್ ಹೇಗೆ ಕೆಲಸ ಮಾಡುತ್ತದೆ ಎಂದು ಚಿತ್ರ ಬರೆದು ವಿವರಿಸಬಲ್ಲವಳು ನಾನೊಬ್ಬಳೇ ಎಂಬ ಜಂಬವೂ ನನಗಿತ್ತು. ಈ ಜಂಬವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಎಲ್ಲ ವಾದ ಮುಗಿಯುವುದು ಒಂದೇ ಮಾತಿನಲ್ಲಿ. ಮೊದಲು ಮೇಸ್ತ್ರಿ ಸ್ಕ್ರೂಡ್ರೈವರ್ ಇಡಲಿ, ಆಮೇಲೆ ಬುಕಿಂಗ್. ಆ ಮಾತು ಬಂದಾಗಲೆಲ್ಲ ಮೇಸ್ತ್ರಿ ನಗುತ್ತಿದ್ದರು. ಒಂದು ಸಂಜೆ ನಾನೊಬ್ಬಳೇ ಇದ್ದಾಗ ಮಾತ್ರ ನಗಲಿಲ್ಲ.

"ಆ ಗಾಡಿಗೆ ಒಂದ್ಸಲ ಕಿವಿ ಇಡ್ತೀನಿ. ಕೇಳಿಸ್ತು, ಸರಿ. ಕೇಳಿಸಲಿಲ್ಲ ಅಂದ್ರೆ ಷಟರ್ ಎಳೆದುಬಿಡ್ತೀನಿ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಎಷ್ಟು ದಿನ ಹೇಳೋದು?"

ಆಮೇಲೆ ಆ ಕಾರು ಬರುವುದು ತಡವಾದಷ್ಟೂ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಗುಂಪಿನವರೆಲ್ಲ ಕಂಪನಿಗೆ ಶಾಪ ಹಾಕುವಾಗ ನಾನೂ ಎಲ್ಲರ ಜೊತೆ ಹೌದು ಹೌದು ಎನ್ನುತ್ತಿದ್ದೆ. ಕಾಯುವುದರಲ್ಲೂ ಕಳ್ಳತನ ಮಾಡಬಹುದೆಂದು ಆಗ ತಿಳಿಯಿತು.

ನನ್ನ ಸಮಾಧಾನವನ್ನು ಹಾಳು ಮಾಡಿದವರು ನಮ್ಮ ಗುಂಪಿನ ಅಡಿಕೆ ಮಂಡಿಯವರು. ಶಿವಮೊಗ್ಗದಲ್ಲಿ ಮಂಡಿ ಇಟ್ಟಿರುವ ಇವರಿಗೆ ಯಾವುದಕ್ಕೂ ಕಾಯುವ ತಾಳ್ಮೆ ಇಲ್ಲ. ಅದೇ ಕಂಪನಿಯ ದೊಡ್ಡ ಫ್ಯಾಮಿಲಿ ಕಾರೊಂದನ್ನು, ಅದೂ ಹೈಬ್ರಿಡ್, ಕೊಂಡುಕೊಂಡರು. ಬರಲಿರುವ ಸ್ಪೋರ್ಟ್ಸ್ ಕಾರಿಗೂ ಇದೇ ಎಂಜಿನ್ ಅಂತೆ ಎಂದು ಫೋನಿನಲ್ಲಿ ಹಾಕಿದರು. ಭಾನುವಾರ ಬೆಳಿಗ್ಗೆ ಭದ್ರಾವತಿಗೆ ತರುತ್ತೇನೆ, ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ಹೇಳಲಿ, ಸ್ಪೋರ್ಟ್ಸ್ ಕಾರಿಗೆ ಕಾಯಬೇಕೋ ಬೇಡವೋ ಅಲ್ಲೇ ತೀರ್ಮಾನವಾಗಲಿ ಎಂದರು. ಉಳಿದ ಐದು ಜನ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ನಾನೂ ಕಳಿಸಿದೆ, ಇನ್ನೇನು ಮಾಡಲಿ?

ಆ ಭಾನುವಾರ ನಾನು ಹೋಗುವ ಹೊತ್ತಿಗೆ ಎಲ್ಲರೂ ಸೇರಿದ್ದರು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಬಿಳಿ ಕಾರು ಓಲ್ಡ್ ಟೌನಿನ ಆ ಇಕ್ಕಟ್ಟು ಬೀದಿಯಲ್ಲಿ ಸದ್ದೇ ಇಲ್ಲದೆ ಬಂದು ನಿಂತಿತು. ಎಂಥಾ ಸೈಲೆಂಟ್ ಎಂಜಿನ್ ಮಾರಾಯ ಎಂದು ಎಲ್ಲರೂ ಬಾಯಿ ಚಪ್ಪರಿಸಿದರು. ಎಂಜಿನ್ ಬಿಸಿ ಇಲ್ಲದೆ ಮೇಸ್ತ್ರಿ ಕಿವಿ ಇಡುವುದಿಲ್ಲ. ಅದು ಗೊತ್ತಿದ್ದೇ ಮಂಡಿಯವರು ಬೆಳಿಗ್ಗೆ ಹೊಳಲೂರಿನ ತನಕ ಒಂದು ಸುತ್ತು ಓಡಿಸಿ, ಅಲ್ಲಿಂದ ತಿರುಗಿ ಭದ್ರಾವತಿಗೆ ಬಂದಿದ್ದರು. ಕಾರು ಆಫ್ ಮಾಡಿ ಚಹಾ ಕುಡಿದೆವು. ಆಮೇಲೆ ಮೇಸ್ತ್ರಿ ಬಾನೆಟ್ ಎತ್ತಿಸಿದರು. ಮಂಡಿಯವರು ಒಳಗೆ ಕೂತು ಬಟನ್ ಒತ್ತಿ, ಸ್ಟಾರ್ಟ್ ಆಯ್ತು ಮೇಸ್ತ್ರಿ ಎಂದರು.

ಮಾತು ನಿಂತಿತು. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲೆ ಇಟ್ಟು, ಹಿಡಿಯನ್ನು ಎಡಗಿವಿಯ ಹಿಂದೆ ಒತ್ತಿ, ಕಣ್ಣು ಮುಚ್ಚಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ತುದಿಯನ್ನು ಎಡಕ್ಕೆ ಸರಿಸಿದರು. ಮತ್ತೆ ಬಲಕ್ಕೆ. ಹುಬ್ಬು ಗಂಟಾಯಿತು. ಆಮೇಲೆ ಅವರು ಯಾವತ್ತೂ ಮಾಡದ್ದನ್ನು ಮಾಡಿದರು. ಹಿಡಿಯನ್ನು ಬಲಗಿವಿಗೆ ಬದಲಾಯಿಸಿದರು. ಡಾಕ್ಟರು ಆಸೆ ಬಿಡಿ ಎಂದಿದ್ದ ಕಿವಿಗೆ. ಹಾಗೇ ನಿಂತು, ಕಣ್ಣು ತೆರೆದು, ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ನೋಡಿದರು.

"ಸೌಂಡ್ ಕ್ಲೀನಾಗಿದೆ," ಎಂದರು ಮೇಸ್ತ್ರಿ. "ಒಳ್ಳೇ ಗಾಡಿ. ಕಾಯಬಹುದು."

ಎಲ್ಲರೂ ಚಪ್ಪಾಳೆ ಹೊಡೆದರು. ಮೇಸ್ತ್ರಿ ಸ್ಕ್ರೂಡ್ರೈವರನ್ನು ಕಾರಿನ ಅಂಚಿನಲ್ಲೇ ಬಿಟ್ಟು ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ಸೋಪಿನ ಪುಡಿ ಹಾಕಿ ಕೈ ತೊಳೆಯತೊಡಗಿದರು. ಗ್ಯಾರೇಜಿನಲ್ಲಿ ಅವರು ಕೈ ತೊಳೆಯುವುದು ದಿನಕ್ಕೆ ಒಂದೇ ಸಲ, ಸಂಜೆ, ಷಟರ್ ಎಳೆಯುವ ಮುಂಚೆ. ಆಗ ಬೆಳಿಗ್ಗೆ ಹತ್ತು ಗಂಟೆ. ಅವರ ಹೆಂಡತಿ ಚಹಾದ ಲೋಟಗಳನ್ನು ಎತ್ತುತ್ತಿದ್ದವರು ಹಾಗೇ ನಿಂತರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೆ. ಚಪ್ಪಾಳೆ ಹೊಡೆದವರ ಮೇಲೆ, ಮಂಡಿಯವರ ಅವಸರದ ಮೇಲೆ, ಬಂದೂ ಬಾರದೆ ಸತಾಯಿಸುತ್ತಿದ್ದ ಆ ಹಾಳು ಸ್ಪೋರ್ಟ್ಸ್ ಕಾರಿನ ಮೇಲೆ, ಬಾಯಿ ಮುಚ್ಚಿಕೊಂಡು ಎರಡು ವರ್ಷ ಕಳೆದ ನನ್ನ ಮೇಲೆ. ಸ್ಕ್ರೂಡ್ರೈವರನ್ನು ಗೋಡೆಯ ಮೇಲಿನ ಅದರ ಮೊಳೆಗಾದರೂ ಸಿಕ್ಕಿಸೋಣ ಎಂದು ಕೈಗೆ ತೆಗೆದುಕೊಂಡೆ. ತೆಗೆದುಕೊಂಡವಳು, ಮೇಸ್ತ್ರಿಗೆ ಕೇಳಿಸದೆ ಹೋದದ್ದು ಏನೆಂದು ನೋಡಬೇಕೆನ್ನಿಸಿ, ಎಂಜಿನ್ನಿನ ಮೇಲೆ ಇಟ್ಟು ಕಿವಿಗೆ ಒತ್ತಿಕೊಂಡೆ.

ಏನೂ ಇಲ್ಲ. ಬಾವಿಗೆ ಕಿವಿ ಇಟ್ಟ ಹಾಗೆ.

ತುದಿ ಸರಿಸಿದೆ. ಏನೂ ಇಲ್ಲ. ಅಯ್ಯೋ ನನ್ನ ಕಿವಿಗೇನಾಯಿತು ಎಂದುಕೊಂಡೆ, ನಿಜವಾಗಿ ಹಾಗೇ ಅಂದುಕೊಂಡೆ. ಆಮೇಲೆ ಎಂಜಿನ್ನಿನ ಮೇಲೆ ಅಂಗೈ ಇಟ್ಟೆ. ಬಿಸಿಯಿತ್ತು, ಆದರೆ ಒಂದಿಷ್ಟೂ ಅದುರುತ್ತಿರಲಿಲ್ಲ. ತಟ್ಟನೆ ತಲೆಗೆ ಹೊಳೆಯಿತು, ಹೊಳೆದ ಕೂಡಲೇ ನಾಚಿಕೆಯಾಯಿತು. ಹೈಬ್ರಿಡ್ ಗಾಡಿ. ಬ್ಯಾಟರಿ ತುಂಬಿದೆ, ಎಂಜಿನ್ ಬಿಸಿಯಿದೆ. ಬಟನ್ ಒತ್ತಿದರೆ ಗಾಡಿ ತಯಾರಾಗುತ್ತದೆಯೇ ಹೊರತು ಎಂಜಿನ್ ಏಳಬೇಕೆಂದೇನೂ ಇಲ್ಲ. ಚಿತ್ರ ಬರೆದು ಊರಿಗೆಲ್ಲ ವಿವರಿಸಿದವಳು ನಾನೇ. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

"ರೀ, ಎಂಜಿನ್ ಓಡ್ತಾನೇ ಇಲ್ಲ ಕಣ್ರೀ," ಎಂದೆ.

ರೆಡಿ ಅಂತ ತೋರಿಸುತ್ತಿದೆಯಲ್ಲ ಮೇಡಂ ಎಂದರು ಇನ್ನೂ ಕಾರಿನಲ್ಲೇ ಕೂತಿದ್ದ ಮಂಡಿಯವರು. ಆಕ್ಸಿಲರೇಟರ್ ಒತ್ತಿ ಎಂದು ಗದರಿದೆ. ಅವರು ಬೆದರಿ ಒತ್ತಿದರು. ಕಾರಿನ ಮೈ ಒಮ್ಮೆ ನಡುಗಿ ಎಂಜಿನ್ ಗರ್ ಎಂದು ಎದ್ದಿತು.

ಮೇಸ್ತ್ರಿ ನಮಗೆ ಬೆನ್ನು ಹಾಕಿ ನಲ್ಲಿಯ ಮುಂದೆ ಬಗ್ಗಿದ್ದರು. ನಲ್ಲಿ ಸುರಿಯುತ್ತಿತ್ತು. ನಮ್ಮಲ್ಲಿ ಯಾರೂ ಕರೆಯಲಿಲ್ಲ, ಯಾರೂ ಕೂಗಲಿಲ್ಲ. ಎಂಜಿನ್ ಎದ್ದ ಗಳಿಗೆಯಲ್ಲೇ ಅವರು ಸರಕ್ಕನೆ ತಿರುಗಿದರು. ಮೊಣಕೈಯ ತನಕ ಸೋಪಿನ ನೊರೆ. ಕಾರನ್ನು ನೋಡಿದರು, ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದರು.

"ಈಗ ಸ್ಟಾರ್ಟ್ ಆಯ್ತಾ?" ಎಂದು ಕೇಳಿದರು.

ಹೌದು ಎಂದೆ. ಅಬ್ಬಾ, ಆ ಒಂದು ಹೌದು ಹೇಳುವಾಗ ಆದ ಹಗುರವನ್ನು ನಾನು ಯಾವ ಭಾಷೆಯಲ್ಲೂ ಬರೆಯಲಾರೆ. ಸದ್ಯ, ಕಿವಿ ಹೋಗಿರಲಿಲ್ಲ. ಇದ್ದಷ್ಟು ಇತ್ತು. ಮೇಸ್ತ್ರಿಯ ಹೆಂಡತಿ ಲೋಟಗಳನ್ನು ಕೆಳಗಿಟ್ಟು, ಅಲ್ಲೇ ಟೈರಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ಮೇಸ್ತ್ರಿ ಒದ್ದೆ ಕೈಯಲ್ಲೇ ಬಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಎಂಜಿನ್ನಿನ ಮೇಲೆ ಇಟ್ಟರು. ಕಣ್ಣು ಮುಚ್ಚಿದರು. ಬಹಳ ಹೊತ್ತಾದ ಮೇಲೆ ಸ್ಕ್ರೂಡ್ರೈವರ್ ಇಳಿಸಿ, ಎಲ್ಲರ ಕಡೆಗೂ ತಿರುಗಿ ನಿಂತರು.

"ಆವಾಗ ಸುಳ್ಳು ಹೇಳ್ದೆ," ಎಂದರು. "ನಂಗೆ ಏನೂ ಕೇಳಿಸಿರಲಿಲ್ಲ. ಕಿವಿ ಹೋಯ್ತು ಅಂದ್ಕೊಂಡೆ. ಈಗ ಕೇಳಿಸ್ತಿದೆ, ಆದ್ರೆ ಪೂರ್ತಿ ಇಲ್ಲ. ಬಲಗಿವಿ ಇಲ್ಲವೇ ಇಲ್ಲ. ಎಡಗಡೆ ಸಣ್ಣ ಸದ್ದು ಬರೋದಿಲ್ಲ. ನೀವು ಬೇರೆ ಮೇಸ್ತ್ರಿನ ನೋಡ್ಕೊಳ್ಳಿ."

ಆಮೇಲೆ ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಮೆತ್ತಗಿನವರು, ಅದೇ ಓಲ್ಡ್ ಟೌನಿನಲ್ಲಿ ಮೆಡಿಕಲ್ ಶಾಪ್ ಇಟ್ಟಿರುವವರು, ಗಂಟಲು ಸರಿ ಮಾಡಿಕೊಂಡರು.

"ಮೇಸ್ತ್ರಿ, ನೀವು ಹೆಂಡ್ತಿಗೆ ಅಂತ ಹೇಳಿ ಕಿವಿಗೆ ಡ್ರಾಪ್ಸ್ ತಗೊಂಡಿದ್ದು ನನ್ನ ಅಂಗಡೀಲೇ. ಆವತ್ತು ಜೊತೆಗೆ ಬಂದಿದ್ದ ಅಕ್ಕ ನಿಮ್ಮ ಬಲಕ್ಕೆ ನಿಂತು, ಇದು ನಿಮಗೇ ಅಂತ ಹೇಳಬಾರ್ದಾ ಅಂದ್ರು. ನಂಗೆ ಕೇಳಿಸ್ತು, ನಿಮಗೆ ಕೇಳಿಸಲಿಲ್ಲ. ಮೂರು ವರ್ಷ ಆಯ್ತು. ಮೇಡಂಗೆ ಬಿಟ್ಟು ಇವರಿಗೆಲ್ಲ ನಾನು ಆಗ್ಲೇ ಹೇಳ್ದೆ. ಅವತ್ತಿಂದ ನಾವ್ಯಾರೂ ನಿಮ್ಮ ಬಲಕ್ಕೆ ನಿಂತು ಮಾತಾಡಿಲ್ಲ."

ನಾನು ಸುತ್ತ ನೋಡಿದೆ. ಕಾರಿನಿಂದ ಇಳಿದು ಬಂದಿದ್ದ ಮಂಡಿಯವರೂ ಸೇರಿ ಆರು ಜನ, ದೊಡ್ಡ ದೊಡ್ಡ ಗಂಡಸರು, ಮೇಸ್ತ್ರಿಯ ಎಡಗಡೆಗೇ ಒತ್ತಿಕೊಂಡು ನಿಂತಿದ್ದರು. ಅಂದು ಮಾತ್ರವಲ್ಲ, ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದರು. ಬೆಳಕು ಆ ಕಡೆ ಚೆನ್ನಾಗಿದೆ ಎಂದು ನಾನು ತಿಳಿದಿದ್ದೆ. ಗುಟ್ಟು ಕಾಯುತ್ತಿರುವವಳು ನಾನೊಬ್ಬಳೇ ಎಂದು ಬೀಗಿದ್ದೆನಲ್ಲ, ಒಂದು ವರ್ಷ ನನಗಿಂತ ಮುಂಚಿನಿಂದ ಇವರು ಕಾಯುತ್ತಿದ್ದರು. ಗೊತ್ತಿದ್ದೂ ಗಾಡಿ ತರುತ್ತಿದ್ದರು. ಮೇಸ್ತ್ರಿ ಅವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ತಮಿಳಿನಲ್ಲಿ ಒಂದು ಬೈಗುಳ ಬೈದರು. ಎಲ್ಲರಿಗೂ ಅರ್ಥವಾಯಿತು. ಮಂಡಿಯವರು ಮೊದಲು ನಕ್ಕರು, ಆಮೇಲೆ ಉಳಿದವರು. ಅಂದು ಮಧ್ಯಾಹ್ನದ ತನಕ ಷಟರ್ ತೆರೆದೇ ಇತ್ತು. ಎದುರಿನ ಅಂಗಡಿಯಿಂದ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರಿಸಿ ತಿಂದೆವು. ಹೈಬ್ರಿಡ್ ಗಾಡಿಯ ಎಂಜಿನ್ನನ್ನು ಎಬ್ಬಿಸಿ ಓಡುತ್ತಿರುವಂತೆ ಇಡಲು ಏನು ಮಾಡಬೇಕೆಂದು ಮೇಸ್ತ್ರಿ ನನ್ನಿಂದ ಚಿತ್ರ ಬರೆಸಿಕೊಂಡು, ಗೋಡೆಗೆ ಅಂಟಿಸಿದರು. ನನಗೆ ಅದು ತಕ್ಕ ಶಿಕ್ಷೆ.

ಆ ಸ್ಪೋರ್ಟ್ಸ್ ಕಾರು ಇನ್ನೂ ಬಂದಿಲ್ಲ. ಮುಂದಿನ ವರ್ಷ ಅನ್ನುತ್ತಿದ್ದಾರೆ. ಈಗ ನಾನು ನಿಜವಾಗಿಯೂ ಕಾಯುತ್ತಿದ್ದೇನೆ, ಕಳ್ಳತನವಿಲ್ಲದೆ, ದಿನಾ ಫೋಟೋ ನೋಡುತ್ತ.

ಮೇಸ್ತ್ರಿ ಎರಡು ವಾರದ ಮೇಲೆ ಹೆಂಡತಿಯನ್ನು ಕರೆದುಕೊಂಡು ತಾವೇ ಬಸ್ಸು ಹತ್ತಿ ಶಿವಮೊಗ್ಗದ ಡಾಕ್ಟರ ಹತ್ತಿರ ಹೋಗಿ ಮಿಷನ್ ಹಾಕಿಸಿಕೊಂಡು ಬಂದರು. ನನಗೆ ತಿಳಿಸಿರಲಿಲ್ಲ. ಮುಂದಿನ ಭಾನುವಾರ ನಾನು ಎಂದಿನಂತೆ ಓಲ್ಡ್ ಟೌನಿಗೆ ಹೋಗಿ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದೆ. ಕೀಲಿ ತಿರುಗಿಸುವಷ್ಟರಲ್ಲಿ ಒಳಗಿನಿಂದ ಮೇಸ್ತ್ರಿ ಕೈ ಎತ್ತಿ ಹೊರಗೆ ಬಂದರು. ಎಡಗಿವಿಯ ಹಿಂದೆ ಹುಣಸೆ ಬೀಜದಷ್ಟು ಗಾತ್ರದ ಮಿಷನ್ ಇತ್ತು.

"ಆಫ್ ಮಾಡ್ಬೇಡಿ ಟೀಚರಮ್ಮ."

ಸ್ಕ್ರೂಡ್ರೈವರ್ ಇಲ್ಲದೆ, ಬರಿಗೈಯಲ್ಲಿ ಕಾರಿನ ಮುಂದೆ ಬಗ್ಗಿ ನಿಂತು ಕೇಳಿದರು. ನಾನು ಸ್ಟೀರಿಂಗ್ ಹಿಡಿದು ಕೂತೇ ಇದ್ದೆ. ಟಿಕ್ ಟಿಕ್ ಟಿಕ್. ನನಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಆ ದಿನ ಬೆಳಿಗ್ಗೆ ಅದನ್ನು ಗಮನಿಸಿಯೂ ಇರಲಿಲ್ಲ.

"ಟ್ಯಾಪೆಟ್ ಇಷ್ಟು ಬಡೀತಿದೆ. ಯಾವಾಗಿಂದ?"

ಸುಳ್ಳು ಹೇಳಬಹುದಿತ್ತು. ಈ ವಾರದಿಂದ ಎನ್ನಬಹುದಿತ್ತು. ನನಗೆ ಬಾಯಿ ಬರಲಿಲ್ಲ. "ಎರಡು ವರ್ಷ ಆಯ್ತು ಮೇಸ್ತ್ರಿ," ಎಂದೆ.

ಅವರು ನೆಟ್ಟಗೆ ನಿಂತರು. ನನ್ನನ್ನು ನೋಡಿದರು, ಕಾರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನಿಮ್ಮಂಥ ಜಗಳಗಂಟಿ ಎರಡು ವರ್ಷ ಸುಮ್ನಿದ್ರಾ," ಎಂದರು.

ಆಮೇಲೆ ಒಳಗೆ ಹೋಗಿ ಹತ್ತನೇ ನಂಬರಿನ ಸ್ಪ್ಯಾನರ್ ತಂದು, ಬಾನೆಟ್ ಎತ್ತಿ ಎಂದರು. ನಾನು ಎತ್ತಿದೆ.